ಕ್ರಿಸ್‌ಮಸ್ ಸಂಸ್ಕಾರದ ಆರಾಧನೆ: ಹಲಗಿ, ಭಜನೆ, ಜೋಗುಳಗಳಿಗೆ ಎಲ್ಲಿ ಜಾಗ?

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹಳ್ಳಿಯೊಂದರ ಮೆಥೊಡಿಸ್ಟ್ ಸಭೆಯಲ್ಲಿ ಹಾಡುಗಾರರ ತಂಡವನ್ನು ನೋಡಿಕೊಳ್ಳುತ್ತೇನೆ. ಹಬ್ಬದ ದಿನ ಸುಮಾರು ಇನ್ನೂರು ಜನ ಸೇರುತ್ತಾರೆ. ಈ ವರ್ಷದ ಕ್ರಿಸ್‌ಮಸ್ ಬೆಳಗಿನ ಪವಿತ್ರ ಸಂಸ್ಕಾರವನ್ನು, ಅಂದರೆ ರೊಟ್ಟಿ ಮತ್ತು ರಸ ಹಂಚುವ ಕರ್ತನ ಭೋಜನದ ಆರಾಧನೆಯನ್ನು, ನಮ್ಮ ಕಡೆಯ ವಾದ್ಯ ಮತ್ತು ಮಟ್ಟುಗಳಲ್ಲೇ ನಡೆಸಬೇಕೆಂಬ ಆಸೆ ಕೆಲವರಿಗಿದೆ. ಕೀಬೋರ್ಡ್ ಇಲ್ಲದಿದ್ದರೆ ಹಬ್ಬವೇ ಅನಿಸುವುದಿಲ್ಲ ಎಂದು ಯುವಕರು ಹೇಳುತ್ತಾರೆ. ತೊಗಲಿನ ವಾದ್ಯವಾದ ಹಲಗಿ ಚರ್ಚಿನೊಳಗೆ ಬರಕೂಡದು ಎಂದು ಕೆಲವು ಹಿರಿಯರು ಖಂಡಿತವಾಗಿ ಹೇಳಿದ್ದಾರೆ. ಸಂಸ್ಕಾರದ ಕ್ರಮಕ್ಕೆ ಕುಂದು ಬಾರದಂತೆ ಯಾವ ಹಾಡನ್ನು, ಯಾವ ವಾದ್ಯವನ್ನು ಎಲ್ಲಿ ಇಡಬೇಕು ಎಂಬುದನ್ನು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ನಿಮ್ಮ ಸಭೆಯ ಆಸೆಗೆ ಮೆಥೊಡಿಸ್ಟ್ ಆರಾಧನಾ ಕ್ರಮದಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೆ ನೀವು ವಾದ್ಯಗಳ ಪಟ್ಟಿಯಿಂದ ಹೊರಟಿದ್ದೀರಿ. ನಾನಾಗಿದ್ದರೆ ಸಂಸ್ಕಾರದ ಕ್ರಮದಿಂದ ಹೊರಡುತ್ತಿದ್ದೆ. ಆರಾಧನೆಯ ಒಂದೊಂದು ಭಾಗದಲ್ಲಿ ಜನ ಏನು ಮಾಡುತ್ತಿರುತ್ತಾರೆ, ನಿಂತಿರುತ್ತಾರೋ, ಮೊಣಕಾಲೂರಿರುತ್ತಾರೋ, ನಡೆದು ಬರುತ್ತಿರುತ್ತಾರೋ, ಬಾಯಿ ತೆರೆದು ಉತ್ತರ ಕೊಡಬೇಕೋ, ಸುಮ್ಮನಿರಬೇಕೋ ಎಂಬುದನ್ನು ಮೊದಲು ಬರೆದುಕೊಂಡರೆ, ಯಾವ ಹಾಡು ಎಲ್ಲಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯಲ್ಲಿ ಮುಕ್ಕಾಲು ಭಾಗ ತಾನಾಗಿಯೇ ಬಗೆಹರಿಯುತ್ತದೆ.

ನಿಮ್ಮ ಸಭಾಪಾಲಕರ ಕೈಯಲ್ಲಿರುವ ಕ್ರಮದ ಮೂಲವು ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ. ಮೆಥೊಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿಯವರು ಅದನ್ನು ಸಂಕ್ಷೇಪಿಸಿ 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಕಳುಹಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗಕ್ಕೆ ಬಂದ ಮೆಥೊಡಿಸ್ಟ್ ಮಿಷನ್ ಅಮೆರಿಕದ್ದೇ ಆದ್ದರಿಂದ ಅದೇ ಪರಂಪರೆ ನಿಮಗೂ ಬಂದಿದೆ. ಆ ಹಳೆಯ ಕ್ರಮದಲ್ಲಿ ವಾಕ್ಯಪಠಣ, ಪ್ರಸಂಗ, ಕಾಣಿಕೆ ಮುಗಿದ ಮೇಲೆ ಪಾಪದ ಅರಿಕೆ ಬರುತ್ತದೆ. ನಂತರ ಹೃದಯಗಳನ್ನು ದೇವರ ಕಡೆಗೆ ಎತ್ತುವಂತೆ ಸಭಾಪಾಲಕರು ಕರೆಯುವ, ಸಭೆ ಉತ್ತರಿಸುವ ಸಂವಾದ. ಅದರ ಬೆನ್ನಿಗೇ ಯೆಶಾಯನು ಕಂಡ ದರ್ಶನದಲ್ಲಿ ದೇವದೂತರು ಮೂರು ಸಲ ‘ಪರಿಶುದ್ಧನು’ ಎಂದು ಕೂಗಿದ ಮಾತು. ಆಮೇಲೆ ರೊಟ್ಟಿಯನ್ನೂ ಪಾತ್ರೆಯನ್ನೂ ಕುರಿತ ಪ್ರತಿಷ್ಠೆಯ ಪ್ರಾರ್ಥನೆ, ಹಂಚಿಕೆ, ಕರ್ತನ ಪ್ರಾರ್ಥನೆ, ಸ್ತೋತ್ರ, ಕೊನೆಗೆ ಆಶೀರ್ವಾದ. ಹೊಸ ಪುಸ್ತಕಗಳಲ್ಲಿ ಇವು ಅಲ್ಲಲ್ಲಿ ಹಿಂದುಮುಂದಾಗಿರಬಹುದು. ಸಭಾಪಾಲಕರ ಪ್ರತಿಯನ್ನೇ ಮುಂದಿಟ್ಟುಕೊಂಡು ಗುರುತು ಹಾಕಿಕೊಳ್ಳಿ.

ಈ ಕ್ರಮದಲ್ಲಿ ಕ್ರಿಸ್‌ಮಸ್ ದಿನಕ್ಕೆ ಬಹಳ ಹೊಂದುವ ಒಂದು ಸಂಗತಿಯಿದೆ. ಹಂಚಿಕೆಯ ನಂತರ ಬರುವ ದೊಡ್ಡ ಸ್ತೋತ್ರದ ಮೊದಲ ಸಾಲೇ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ 14ನೆಯ ವಚನ, ಅಂದರೆ ಬೇತ್ಲೆಹೇಮಿನ ಹೊಲದಲ್ಲಿ ಕುರುಬರ ಕಿವಿಗೆ ಬಿದ್ದ ಹಾಡು. ಬೇರೆ ಭಾನುವಾರಗಳಲ್ಲಿ ಜನ ಅದನ್ನು ಪುಸ್ತಕ ನೋಡಿ ಓದಿ ಮುಗಿಸುತ್ತಾರೆ. ಹಬ್ಬದ ದಿನವಾದರೂ ಅದನ್ನು ಹಾಡಿಸಬೇಕು. ಇಡೀ ಆರಾಧನೆಯಲ್ಲಿ ತಾಳ, ಢೋಲಕ್‌ಗಳು ಪೂರ್ಣ ಬಲದಿಂದ ನುಡಿಯಬಹುದಾದ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ, ಏಕೆಂದರೆ ಅಷ್ಟು ಹೊತ್ತಿಗೆ ಅರಿಕೆ ಮುಗಿದಿರುತ್ತದೆ, ಎಲ್ಲರೂ ಮೇಜಿಗೆ ಬಂದು ಹೋಗಿರುತ್ತಾರೆ, ಉಳಿದಿರುವುದು ಕೊಂಡಾಟ ಒಂದೇ.

ಇದಕ್ಕೆ ತದ್ವಿರುದ್ಧವಾಗಿ, ಪಾಪದ ಅರಿಕೆಯಲ್ಲೂ ಪ್ರತಿಷ್ಠೆಯ ಪ್ರಾರ್ಥನೆಯಲ್ಲೂ ಯಾವ ವಾದ್ಯವೂ ಬೇಡ. ಪ್ರಾರ್ಥನೆಯ ಹಿಂದೆ ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಮೆಲ್ಲಗೆ ಸ್ವರ ಹಿಡಿದುಕೊಂಡಿರುವ ರೂಢಿ ಈಚೆಗೆ ಬಂದಿದೆ. ಕೇಳಲು ಇಂಪೆನಿಸಿದರೂ ಅದು ಸಂಸ್ಕಾರದ ಮಾತನ್ನು ಸಿನಿಮಾದ ಸನ್ನಿವೇಶದಂತೆ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಿಂದ ಬಂದ ಆ ಮಾತುಗಳು ಸಭೆಯ ಕೊನೆಯ ಸಾಲಿನಲ್ಲಿ ಕುಳಿತ, ಅರ್ಧ ಕಿವಿ ಕೇಳದ ಅಜ್ಜಿಗೂ ಬಿಡಿಬಿಡಿಯಾಗಿ ಕೇಳಬೇಕು.

ಇನ್ನು ಹಂಚಿಕೆಯ ವಿಷಯ. ನಿಮ್ಮ ಸಭೆಯ ಸಂಗೀತದ ನಿಜವಾದ ಪರೀಕ್ಷೆ ಇಲ್ಲೇ ಆಗುತ್ತದೆ. ಮೇಜಿನ ಮುಂದಿನ ಕಟಾಂಜನದ ಬಳಿ ಒಂದು ಸಲಕ್ಕೆ ಹತ್ತು ಜನ ಮೊಣಕಾಲೂರಬಹುದು ಎಂದು ಇಟ್ಟುಕೊಳ್ಳಿ. ಇನ್ನೂರು ಜನರಿಗೆ ಇಪ್ಪತ್ತು ಪಂಕ್ತಿಗಳಾಗುತ್ತವೆ. ಬಂದು ಮೊಣಕಾಲೂರಿ, ರೊಟ್ಟಿಯನ್ನೂ ರಸವನ್ನೂ ಸ್ವೀಕರಿಸಿ, ಸಭಾಪಾಲಕರ ಮಾತು ಕೇಳಿ ಎದ್ದು ಹೋಗಲು ಪಂಕ್ತಿಗೆ ಎರಡು ನಿಮಿಷವೆಂದರೂ ನಲವತ್ತು ನಿಮಿಷ. ನಾಲ್ಕು ನುಡಿಗಳ ಪಾಶ್ಚಾತ್ಯ ಮಟ್ಟಿನ ಸಂಗೀತವೊಂದು ಮೂರು ನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತದೆ. ಹಾಗಾದರೆ ಹತ್ತು ಹನ್ನೆರಡು ಹಾಡು ಬೇಕು. ಪುಸ್ತಕ ಹಿಡಿದು ಹಾಡುವವರೇ ಎದ್ದು ಮೇಜಿಗೆ ಹೋದಾಗ ಹಾಡು ನಡುವೆಯೇ ಸೊರಗುತ್ತದೆ, ಹಿಂದಿನಿಂದ ಮಕ್ಕಳ ಗಲಾಟೆ ಮೇಲೇಳುತ್ತದೆ, ಯಾರೋ ಒಬ್ಬರು ಬೇರೆ ಸ್ವರದಲ್ಲಿ ಇನ್ನೊಂದು ಹಾಡನ್ನು ಎತ್ತಿಕೊಳ್ಳುತ್ತಾರೆ. ಇದು ನಿಮಗೆ ಗೊತ್ತಿಲ್ಲದ ದೃಶ್ಯವೇನಲ್ಲ.

ಭಜನೆಯ ಕಟ್ಟು ಇಂಥ ಹೊತ್ತಿಗಾಗಿಯೇ ಮಾಡಿದಂತಿದೆ. ಪಲ್ಲ, ಅಂದರೆ ಪಲ್ಲವಿ, ಒಂದೇ ಸಾಲಿನದು, ಅದು ಎಲ್ಲರ ಬಾಯಲ್ಲಿರುತ್ತದೆ. ನುಡಿಗಳನ್ನು ಮುಮ್ಮೇಳದ ಒಬ್ಬರೋ ಇಬ್ಬರೋ ಹೇಳುತ್ತಾರೆ, ಹಿಮ್ಮೇಳ ಅದನ್ನೇ ತಿರುಗಿ ಹೇಳಿ ಪಲ್ಲಕ್ಕೆ ಮರಳುತ್ತದೆ. ಪುಸ್ತಕ ಬೇಕಿಲ್ಲ, ಕನ್ನಡಕ ಬೇಕಿಲ್ಲ. ಹಾಡುತ್ತಲೇ ನಡೆದು ಬರಬಹುದು, ಎದ್ದು ಹೋದವರ ಜಾಗವನ್ನು ಕುಳಿತವರ ದನಿ ತುಂಬುತ್ತದೆ. ಒಂದು ನುಡಿಯನ್ನು ಎರಡು ಸಲ ಹೇಳಿ ಉದ್ದ ಮಾಡಬಹುದು, ಕೊನೆಯ ಪಂಕ್ತಿ ಎದ್ದೊಡನೆ ಪಲ್ಲದ ಮೇಲೆ ನಿಲ್ಲಿಸಿದರೆ ಹಾಡು ಅರ್ಧಕ್ಕೆ ಕಡಿದಂತೆ ಯಾರಿಗೂ ಅನಿಸುವುದಿಲ್ಲ. ಕಲಬುರಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಇರುಳಿಡೀ ಹಾಡುವ ಭಜನಾ ಮೇಳಗಳು ಈ ಜಾಣ್ಮೆಯಿಂದಲೇ ದಣಿಯದೆ ಬೆಳಗು ಮಾಡುತ್ತವೆ. ನಿಮ್ಮ ಸಭೆಯ ಹಿರಿಯರಲ್ಲಿ ಅನೇಕರಿಗೆ ಏಕತಾರಿ, ತಾಳಗಳ ಆ ಲೋಕ ಚಿಕ್ಕಂದಿನಿಂದಲೂ ಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ. ಗಡಿಯಾಚೆಯ ಮರಾಠಿ ಕ್ರೈಸ್ತರಲ್ಲಿ ಕವಿ ನಾರಾಯಣ ವಾಮನ ಟಿಳಕರು (1861–1919) ಅಭಂಗ, ಭಜನೆ, ಕೀರ್ತನೆಗಳನ್ನು ಆರಾಧನೆಯೊಳಗೆ ತಂದು ನೂರು ವರ್ಷಕ್ಕೂ ಹೆಚ್ಚಾಯಿತು. ಔರಾದ, ಭಾಲ್ಕಿ ಕಡೆಯ ಸಭೆಗಳಿಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ.

ಹಂಚಿಕೆಗೆ ಮೂರು ಅಥವಾ ನಾಲ್ಕು ಭಜನೆ ಸಾಕು. ದಾದರಾದ ಆರು ಮಾತ್ರೆಯ ನಡೆಯೊಂದಿಗೆ ಶುರುಮಾಡಿ. ಅದು ತೂಗುವ ನಡೆ, ಮೊಣಕಾಲೂರಿದವರನ್ನು ಅವಸರಪಡಿಸುವುದಿಲ್ಲ. ಎಂಟು ಮಾತ್ರೆಯ ಕೆಹರವಾವನ್ನು ವಿಳಂಬದಲ್ಲೇ ಹಿಡಿದುಕೊಳ್ಳಬಹುದು, ಆದರೆ ಭಜನಾ ಮೇಳದವರಿಗೆ ಕೆಹರವಾ ಸಿಕ್ಕರೆ ಲಯ ಏರಿಸದೆ ಇರುವುದು ಕಷ್ಟ. ಸಾಮಾನ್ಯ ಭಜನೆಯಲ್ಲಿ ಏರುವ ಲಯವೇ ಸೊಗಸು. ಇಲ್ಲಿ ಲಯ ಏರಿದರೆ ಹಂಚುವ ಕೈಗಳೂ ಅವಸರ ಮಾಡುತ್ತವೆ. ಆದ್ದರಿಂದ ತಬಲ ಅಥವಾ ಢೋಲಕ್ ನುಡಿಸುವವರು ಸಭಾಪಾಲಕರ ಕಡೆಗೆ ಮುಖ ಮಾಡಿ ಕುಳಿತುಕೊಳ್ಳಲಿ, ಹಾಡುಗಾರರ ಕಡೆಗೆ ಅಲ್ಲ. ಹಾಡುಗಾರರ ತಂಡವೇ ಮೊದಲ ಪಂಕ್ತಿಯಲ್ಲಿ ಸಂಸ್ಕಾರ ಸ್ವೀಕರಿಸಿ ಬಂದು ಕೂಡಬೇಕು. ಕೊನೆಗೆ ಉಳಿಸಿಕೊಂಡರೆ ಮುಕ್ತಾಯದ ಭಜನೆಗೆ ದನಿಯೇ ಇರುವುದಿಲ್ಲ.

ಹಾಗೆಂದು ಹಳೆಯ ಸಂಗೀತ ಪುಸ್ತಕವನ್ನು ಕಟ್ಟಿಡಬೇಡಿ. ನಮ್ಮ ಕನ್ನಡ ಸಭೆಗಳ ಹಾಡುಪುಸ್ತಕಗಳಲ್ಲಿ ಎರಡು ಬಗೆಯವು ಬಹಳ ಕಾಲದಿಂದ ಜೊತೆಯಲ್ಲೇ ಇವೆ: ಪಾಶ್ಚಾತ್ಯ ಮಟ್ಟಿನ ಸಂಗೀತಗಳು ಮತ್ತು ಪಲ್ಲವಿ, ಅನುಪಲ್ಲವಿ, ಚರಣಗಳಿರುವ ಕೀರ್ತನೆಗಳು. ನಾಲ್ಕು ತಲೆಮಾರು ಹಾಡಿ ಸವೆದ ಸಂಗೀತಗಳು ಈಗ ನಿಮ್ಮ ಊರಿನವೇ ಆಗಿವೆ. ಅವನ್ನು ಪರಕೀಯವೆಂದು ತಳ್ಳಿದರೆ ಅವುಗಳನ್ನು ಹಾಡಿಕೊಂಡೇ ತಮ್ಮವರನ್ನು ಮಣ್ಣು ಮಾಡಿದ ಹಿರಿಯರ ಮನಸ್ಸು ನೋಯುತ್ತದೆ. ಆದರೆ ಅವುಗಳ ಒಂದು ತೊಡಕನ್ನು ತಿಳಿದಿರಬೇಕು. ಅನೇಕ ಇಂಗ್ಲಿಷ್ ಮಟ್ಟುಗಳು ದುರ್ಬಲ ಪೆಟ್ಟಿನಿಂದ ಆರಂಭವಾಗಿ ಎರಡನೆಯ ಸ್ವರಕ್ಕೆ ಬಲ ಕೊಡುತ್ತವೆ. ಕನ್ನಡದ ಮಾತು ಪದದ ಮೊದಲ ಅಕ್ಷರದಲ್ಲೇ ಬಲ ಕೇಳುತ್ತದೆ. ಅದರ ಮೇಲೆ ಸ್ವರ ಎಳೆಯಬೇಕಾದಲ್ಲಿ ಹ್ರಸ್ವಾಕ್ಷರ ಬಂದರೆ ಅದು ದೀರ್ಘವಾಗಿ ಅರ್ಥವೇ ಕೆಡುತ್ತದೆ. ಹೀಗಾಗಿ ಆ ಹಾಡುಗಳು ಬಾಯಿಪಾಠವಾದ ಹಿರಿಯರಿಗೆ ಹಿತ, ಹೊಸದಾಗಿ ಕಲಿಯುವ ಮಕ್ಕಳಿಗೆ ಒಗಟು. ಅಂಥ ಒಂದೆರಡನ್ನು ಎಲ್ಲರೂ ನಿಂತು ಹಾಡುವ ಆರಂಭದ ಜಾಗದಲ್ಲಿ ಇಟ್ಟುಕೊಳ್ಳಿ, ಹಾರ್ಮೋನಿಯಂ ಜೊತೆಗಿರಲಿ.

ಮಟ್ಟು ಬದಲಿಸುವುದು ತಪ್ಪೆಂದು ಯಾರಾದರೂ ವಾದಿಸಿದರೆ ಒಂದು ಮಾತು ಹೇಳಿ. ಜಾನ್ ವೆಸ್ಲಿಯವರ ತಮ್ಮ ಚಾರ್ಲ್ಸ್ ವೆಸ್ಲಿಯವರು ದೇವದೂತರ ಹಾಡನ್ನು ಕುರಿತು ಬರೆದು 1739ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಗೀತೆ ಇಂದು ಲೋಕವೆಲ್ಲ ಹಾಡುವ ಮಟ್ಟಿಗೆ ಸೇರಿದ್ದು 1855ರಲ್ಲಿ. ಜರ್ಮನಿಯ ಸಂಗೀತಗಾರ ಮೆಂಡೆಲ್ಸೋನ್ 1840ರಲ್ಲಿ ಬೇರೆಯೇ ಸಂದರ್ಭಕ್ಕೆಂದು ರಚಿಸಿದ ಸಂಗೀತವನ್ನು ಇನ್ನೊಬ್ಬರು ಅದಕ್ಕೆ ಹೊಂದಿಸಿದರು. ಮೆಥೊಡಿಸ್ಟರ ಅತ್ಯಂತ ಪ್ರಿಯವಾದ ಹಾಡೇ ನೂರು ವರ್ಷಕ್ಕೂ ಹೆಚ್ಚು ಕಾಲ ಬೇರೆ ಮಟ್ಟುಗಳಲ್ಲಿ ನಡೆದಿತ್ತು. ಹಾರ್ಮೋನಿಯಂ ಕಥೆಯೂ ಇಂಥದ್ದೇ: ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದ ವಾದ್ಯ ನಮ್ಮಲ್ಲಿಗೆ ಬಂದು ಕೈಪೆಟ್ಟಿಗೆಯಾಗಿ ಭಜನೆಯ ಜೀವವಾಯಿತು, ಆದರೂ ಭಾರತೀಯ ಸಂಗೀತಕ್ಕೆ ಅದು ಸಲ್ಲದೆಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಸಾಂಪ್ರದಾಯಿಕ ಎಂಬ ಪಟ್ಟ ಯಾವ ವಾದ್ಯಕ್ಕೂ ಹುಟ್ಟಿನಿಂದ ಬರುವುದಿಲ್ಲ.

ಈಗ ಹಲಗಿ. ಈ ವಿಷಯದಲ್ಲಿ ನಿಮ್ಮ ಹಿರಿಯರ ಮಾತನ್ನು ಹಳೆಯ ಕಾಲದ ಹಟವೆಂದು ತಿಳಿಯಬೇಡಿ. ಬೀದರ್, ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆಂದು ಊರಾಚೆ ಇಡಲ್ಪಟ್ಟಿದ್ದ ಸಮುದಾಯಗಳಿಂದ ಬಂದವರು. ಸತ್ತ ದನದ ತೊಗಲು ಹದ ಮಾಡುವುದು, ಊರಿನ ಸಾವಿಗೂ ಜಾತ್ರೆಗೂ ಹಲಗಿ ಬಾರಿಸುವುದು, ಡಂಗುರ ಸಾರುವುದು ಅವರಿಗೆ ಕಲೆಯಾಗಿ ಬಂದದ್ದಲ್ಲ, ಒಲ್ಲೆ ಎನ್ನಲಾಗದ ಬಿಟ್ಟಿ ಚಾಕರಿಯಾಗಿ ಬಂದದ್ದು. ಅಜ್ಜನೊಬ್ಬ ಹಲಗಿಯನ್ನು ಕೆಳಗಿಟ್ಟು ಚರ್ಚಿನ ಮೆಟ್ಟಿಲು ಹತ್ತಿದ ದಿನ ಅವನ ಪಾಲಿಗೆ ಬಿಡುಗಡೆಯ ದಿನ. ಅದೇ ಹಲಗಿಯನ್ನು ಮೊಮ್ಮಗ ‘ನಮ್ಮ ಸಂಸ್ಕೃತಿ’ ಎಂದು ಹೆಮ್ಮೆಯಿಂದ ಒಳಗೆ ತಂದರೆ ಅಜ್ಜನ ಎದೆಯಲ್ಲಿ ಏಳುವುದು ಹೆಮ್ಮೆಯೇ ಆಗಬೇಕೆಂದಿಲ್ಲ. ಹೊರಗಿನಿಂದ ಬಂದ ಸಂಸ್ಕೃತಿಪ್ರಿಯರು ಇದನ್ನು ಮರೆತು ಹಲಗಿಯನ್ನು ಹಾಡಿ ಹೊಗಳುತ್ತಾರೆ; ಅದನ್ನು ಬಾರಿಸಬೇಕಾಗಿ ಬಂದ ಕೈಗಳನ್ನು ಅವರು ಕೇಳಿರುವುದಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಇಂದು ದಲಿತ ಸಂಘಟನೆಗಳ ಮೆರವಣಿಗೆಗಳಲ್ಲಿ ಹಲಗಿಯ ದನಿ ತಲೆ ಎತ್ತಿ ನಡೆಯುವವರ ದನಿಯಾಗಿದೆ, ನಿಮ್ಮ ಯುವಕರು ಕೇಳಿ ಬೆಳೆದಿರುವುದು ಆ ಹಲಗಿಯನ್ನು. ಯಾರ ಚಾಕರಿಗೂ ಅಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಕರ್ತನ ಹುಟ್ಟುಹಬ್ಬಕ್ಕೆ ತಮ್ಮ ಇಚ್ಛೆಯಿಂದ ಬಾರಿಸುವ ಹಲಗಿಗೆ ಬೇರೆ ಅರ್ಥ ಬರಬಹುದು. ಆದರೆ ಆ ಅರ್ಥವನ್ನು ಕೊಡುವ ಹಕ್ಕು ಹಲಗಿಯಿಂದ ನೊಂದವರದು. ಆದ್ದರಿಂದ ಪಂಗಡದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವ ವಿಷಯವಲ್ಲ ಇದು. ನೀವು ಮತ್ತು ಸಭಾಪಾಲಕರು ಆ ಹಿರಿಯರ ಮನೆಗಳಿಗೇ ಹೋಗಿ ಕೂತು ಕೇಳಬೇಕು. ಅವರು ಒಪ್ಪದಿದ್ದರೆ ಈ ವರ್ಷ ಬಿಟ್ಟುಬಿಡಿ. ಸಂಸ್ಕಾರದ ಮೇಜು ಎಲ್ಲರನ್ನೂ ಒಂದುಗೂಡಿಸುವ ಜಾಗ. ಆ ಮೇಜಿಗೆ ಒಬ್ಬ ಮುದುಕ ಮುಖ ಬಾಡಿಸಿಕೊಂಡು ಬರುವಂತೆ ಮಾಡುವ ಸಂಗೀತ ಎಷ್ಟು ಸೊಗಸಾಗಿದ್ದರೂ ನನಗೆ ಬೇಡ.

ಅವರು ಒಪ್ಪಿದರೆ ಹಲಗಿಯ ಜಾಗ ಅಂಗಳ. ಇದು ಅವಮಾನದ ಮಾತಲ್ಲ, ಶಬ್ದದ ಲೆಕ್ಕ. ನಮ್ಮ ಕಡೆಯ ಹಳ್ಳಿಯ ಚರ್ಚುಗಳಿಗೆ ನೆಲ ಶಹಾಬಾದ ಕಲ್ಲಿನದು, ಗೋಡೆ ಕಲ್ಲಿನದು, ಮೇಲೆ ತಗಡೋ ಆರ್‌ಸಿಸಿಯೋ ಇರುತ್ತದೆ. ದನಿಯನ್ನು ಹೀರುವ ವಸ್ತುವೊಂದೂ ಒಳಗಿರುವುದಿಲ್ಲ. ಬಯಲಿಗೆಂದೇ ಹುಟ್ಟಿದ ಹಲಗಿಯನ್ನು ಅಂಥ ಕೋಣೆಯಲ್ಲಿ ಬಾರಿಸಿದರೆ ಪೆಟ್ಟಿನ ಮೇಲೆ ಪೆಟ್ಟು ಕಲೆತು ಹಾಡಿನ ಒಂದು ಪದವೂ ಕೇಳುವುದಿಲ್ಲ. ಊರ ಅಗಸಿಯಿಂದ ಚರ್ಚಿನ ಬಾಗಿಲವರೆಗೆ ಸಭೆ ಮೆರವಣಿಗೆಯಲ್ಲಿ ಬರುವಾಗ ಹಲಗಿ ಮುಂದೆ ನಡೆಯಲಿ, ಬಾಗಿಲಲ್ಲಿ ನಿಲ್ಲಲಿ. ಬಾರಿಸುವವರು ಹಲಗಿಯನ್ನು ಕೆಳಗಿಟ್ಟು ಎಲ್ಲರೊಡನೆ ಒಳಗೆ ಬಂದು ಮೊದಲ ಸಾಲುಗಳಲ್ಲಿ ಕುಳಿತುಕೊಳ್ಳಬೇಕು; ಹೊರಗೇ ನಿಂತು ಬಾರಿಸಿ ಹೊರಗಿನಿಂದಲೇ ಹೋಗುವ ಹಳೆಯ ಪದ್ಧತಿಯ ನೆರಳೂ ಇಲ್ಲಿ ಸುಳಿಯಬಾರದು. ಕೊನೆಯ ಸ್ತೋತ್ರದ ಹೊತ್ತಿಗೆ ಬಾಗಿಲು ತೆರೆದಿಟ್ಟು ಅವರು ಮತ್ತೆ ಅಂಗಳಕ್ಕೆ ಹೋಗಿ ಹಾಡಿಗೆ ಪೆಟ್ಟು ಕೂಡಿಸಬಹುದು. ಡಿಸೆಂಬರ್ ಕೊನೆಯ ಬೆಳಗುಗಳಲ್ಲಿ ಬೀದರ್ ಪ್ರಸ್ಥಭೂಮಿಯ ಚಳಿಗೂ ಇಬ್ಬನಿಗೂ ತೊಗಲು ಸಡಿಲಾಗುತ್ತದೆ, ಅಂಗಳದ ಮೂಲೆಯಲ್ಲಿ ಹುಲ್ಲು ಹಾಕಿ ಕಾಯಿಸಿಕೊಳ್ಳಲು ಹದಿನೈದು ನಿಮಿಷ ಬಿಟ್ಟುಕೊಡಿ. ಫೈಬರ್ ಹಾಳೆಯ ಹಲಗಿಗೆ ಈ ತಾಪತ್ರಯವಿಲ್ಲ, ಆದರೆ ಅದರ ದನಿ ತಗಡಿನ ಡಬ್ಬಿಯದು, ಆಯ್ಕೆ ನಿಮ್ಮದು.

ನಿಮ್ಮ ಪತ್ರದಲ್ಲಿ ಹೆಂಗಸರ ಹಾಡಿನ ಬಗ್ಗೆ ಒಂದು ಮಾತೂ ಇಲ್ಲದ್ದು ನನ್ನನ್ನು ಸ್ವಲ್ಪ ಕಾಡಿತು. ಸಾಂಪ್ರದಾಯಿಕ ಸಂಗೀತ ಎಂದಾಗ ನಮ್ಮ ಗಂಡಸರಿಗೆ ಕೂಡಲೇ ನೆನಪಾಗುವುದು ತಬಲ, ತಾಳ, ಹಲಗಿ. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಜೋಗುಳಗಳನ್ನು ಯಾವ ವಾದ್ಯದ ಹಂಗೂ ಇಲ್ಲದೆ, ಎರಡು ಗುಂಪಾಗಿ ಒಬ್ಬರಿಗೊಬ್ಬರು ಎತ್ತಿಕೊಟ್ಟು ಹಾಡುವ ಕಲೆ ಇರುವುದು ಹೆಂಗಸರಲ್ಲಿ. ಕ್ರಿಸ್‌ಮಸ್ ಎಂದರೆ ಮಗು ಹುಟ್ಟಿದ ಸುದ್ದಿ. ಊರಿನಲ್ಲಿ ಮಗು ಹುಟ್ಟಿದರೆ ಮೊದಲು ಹಾಡುವವರು ಯಾರು? ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದಿ ಮುಗಿಸಿದ ಕೂಡಲೇ, ಪ್ರಸಂಗಕ್ಕೆ ಮುಂಚೆ, ನಾಲ್ಕೈದು ಮಂದಿ ಹಿರಿಯ ಹೆಂಗಸರು ಕುಳಿತಲ್ಲಿಂದಲೇ, ಮೈಕ್ ಇಲ್ಲದೆ, ಒಂದು ಜೋಗುಳ ಎತ್ತಿಕೊಳ್ಳಲಿ.

ಅದಕ್ಕೆ ನಮ್ಮ ಕಡೆಯ ತ್ರಿಪದಿಗಿಂತ ಒಳ್ಳೆಯ ಅಚ್ಚು ಬೇರೆ ಸಿಗದು. ಮೂರು ಸಾಲಿನ ಪದ್ಯ. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳುವುದರಿಂದ ನಾಲ್ಕು ಸಾಲಿನ ತೂಕ ಬರುತ್ತದೆ, ಆ ಮರುಹೇಳಿಕೆಯಲ್ಲಿ ಎದುರು ಗುಂಪು ಮಾತನ್ನು ಹಿಡಿದುಕೊಳ್ಳುತ್ತದೆ. ಎರಡನೆಯ ಅಕ್ಷರದ ಪ್ರಾಸವೇ ನೆನಪಿನ ದಾರ. ಉದಾಹರಣೆಗೆಂದು ಒಂದನ್ನು ಕಟ್ಟಿ ತೋರಿಸುತ್ತೇನೆ:

ಹುಲ್ಲಾಗ ಮಲಗ್ಯಾನ ಬೆಲ್ಲದಂಥಾ ಕಂದ
ಎಲ್ಲಾರ ಭಾರ ಹೊರುವಂವ, ತಂಗೆಮ್ಮ,
ಕಲ್ಲೆದಿ ಕರಗಿ ಹಾಡವ್ವ.

ಇದನ್ನೇ ಹಾಡಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಊರಿನ ಹೆಂಗಸರ ಮುಂದೆ ಗೋದಲಿ, ಕುರುಬರು, ಮರಿಯಳ ಹೆರಿಗೆಯ ಸಂಕಟ, ತಂಗಲು ಜಾಗ ಸಿಗದ ಅಲೆದಾಟ ಇವನ್ನಿಟ್ಟರೆ ನನಗಿಂತ ಚೆನ್ನಾಗಿ ಅವರೇ ಕಟ್ಟುತ್ತಾರೆ. ಕಟ್ಟಿದ್ದನ್ನು ಸಭಾಪಾಲಕರು ಒಮ್ಮೆ ಕೇಳಲಿ. ಅದು ಉಪದೇಶದ ದೃಷ್ಟಿಯಿಂದ ಅಗತ್ಯ. ಆದರೆ ಭಾಷೆಯನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಲು ಕೈ ಹಾಕಬಾರದು. ‘ಹುಲ್ಲಿನಲ್ಲಿ ಮಲಗಿದ್ದಾನೆ’ ಎಂದು ತಿದ್ದಿದರೆ ಲಯವೂ ಹೋಯಿತು, ಹಾಡುವವರ ಧೈರ್ಯವೂ ಹೋಯಿತು.

ಯಾವ ಮಟ್ಟುಗಳನ್ನು ಎರವಲು ಪಡೆಯಬಹುದು ಎಂಬುದರ ಬಗ್ಗೆ ಎಚ್ಚರ ಬೇಕು. ತತ್ವಪದ, ಬೀಸುವ ಪದಗಳ ಮಟ್ಟುಗಳು ಎಲ್ಲರ ಸೊತ್ತು. ಒಂದೇ ಮಟ್ಟಿನಲ್ಲಿ ಹತ್ತಾರು ಪದಗಳು ಮೊದಲಿನಿಂದಲೂ ನಡೆದು ಬಂದಿವೆ. ಆದರೆ ಒಂದು ಗುಡಿಯ ಆರತಿಗೋ, ಮೊಹರಂ ಹೊತ್ತಿನ ಅಲಾಯಿ ಪದಕ್ಕೋ ಅಂಟಿಕೊಂಡ, ಕೇಳಿದ ಕೂಡಲೇ ಆ ಸನ್ನಿಧಿಯೇ ಕಣ್ಣಿಗೆ ಬರುವಂಥ ಮಟ್ಟನ್ನು ಸಂಸ್ಕಾರಕ್ಕೆ ತರಬೇಡಿ. ಅದು ನೆರೆಯವರ ಭಕ್ತಿಗೂ ಸಲ್ಲಿಸಬೇಕಾದ ಗೌರವ. ಸಿನಿಮಾ ಮಟ್ಟಿನ ಮಾತು ಎತ್ತುವುದೇ ಬೇಡ: ಮನೆಮನೆಗೆ ಹೋಗುವ ಕ್ಯಾರಲ್ಸ್‌ನಲ್ಲಿ ಮಕ್ಕಳು ಏನಾದರೂ ಹಾಡಿಕೊಳ್ಳಲಿ, ಮೇಜಿನ ಬಳಿ ಅದಕ್ಕೆ ಜಾಗವಿಲ್ಲ.

ಕೀಬೋರ್ಡ್ ವಿಷಯದಲ್ಲಿ ಯುವಕರೊಡನೆ ಜಗಳ ಬೇಡ. ವಾದ್ಯದಲ್ಲಿ ದೋಷವಿಲ್ಲ, ಅದರೊಳಗಿನ ಸಿದ್ಧ ತಾಳದ ಗುಂಡಿಯಲ್ಲಿದೆ. ಅದನ್ನು ಒತ್ತಿದೊಡನೆ ಲಯ ಯಂತ್ರದ ಕೈಗೆ ಹೋಗುತ್ತದೆ, ಮುದುಕಿಯೊಬ್ಬಳು ಪಲ್ಲದ ಕೊನೆಗೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಅದು ಕಾಯುವುದಿಲ್ಲ. ತಾಳ ಬಂದ್ ಮಾಡಿ ಸ್ವರ ಹಿಡಿಯಲು ಮಾತ್ರ ಬಳಸುವುದಾದರೆ ಕೀಬೋರ್ಡೂ ಇರಲಿ. ಶ್ರುತಿ ಏರಿಸಿ ಇಳಿಸುವ ಅದರ ಅನುಕೂಲ ಹಾರ್ಮೋನಿಯಂ ಕಲಿಯುತ್ತಿರುವ ಹುಡುಗನಿಗೆ ದೊಡ್ಡ ಸಹಾಯ. ಶ್ರುತಿಯನ್ನು ಹಾಡುಗಾರರ ತಂಡದ ಗಂಡುದನಿಗೆ ಹೊಂದಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಆ ಹಾಡಿನ ಅತಿ ಮೇಲಿನ ಸ್ವರವನ್ನು ನಿಮ್ಮ ಸಭೆಯ ಐವತ್ತು ದಾಟಿದ ಹೆಂಗಸೊಬ್ಬರಿಂದ ಹಾಡಿಸಿ ನೋಡಿ, ಅವರು ಕತ್ತಿನ ನರ ಬಿಗಿಯದೆ ಮುಟ್ಟಿದರೆ ಶ್ರುತಿ ಸರಿಯಿದೆ ಎಂದರ್ಥ.

ನಿಮ್ಮ ಪಕ್ಕದ ಕ್ಯಾಥೊಲಿಕ್ ಸಭೆಯ ಪದ್ಧತಿಯನ್ನು ನೋಡಿ ನಕಲು ಮಾಡುವ ಆಲೋಚನೆಯಿದ್ದರೆ ಒಂದು ಟಿಪ್ಪಣಿ. ಅವರಲ್ಲಿ 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯ ಕುರಿತು ಹೊರಡಿಸಿದ ಶಾಸನವೇ ಆಯಾ ನಾಡಿನ ಸಂಗೀತಕ್ಕೆ ತಕ್ಕ ಸ್ಥಾನ ಕೊಡಬೇಕೆಂದು ಹೇಳಿತು, 1967ರಲ್ಲಿ ಬೆಂಗಳೂರಿನಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಕೇಂದ್ರ ಆರಂಭವಾಯಿತು; ಬೀದರ್, ಕಲಬುರಗಿ, ಯಾದಗಿರಿಗಳನ್ನು ಒಳಗೊಂಡ ಗುಲ್ಬರ್ಗ ಧರ್ಮಪ್ರಾಂತ 2005ರಲ್ಲಿ ರಚನೆಯಾಗುವ ಹೊತ್ತಿಗೆ ಆ ದಾರಿ ಸವೆದ ದಾರಿಯಾಗಿತ್ತು. ಅವರಿಂದ ಕಲಿಯುವುದು ಬಹಳ ಇದೆ. ಆದರೆ ಅವರ ಬಲಿಪೂಜೆಯ ಕ್ರಮದಲ್ಲಿ ದೇವದೂತರ ಆ ಸ್ತೋತ್ರ ಆರಂಭದಲ್ಲೇ ಬರುತ್ತದೆ, ಹಂಚಿಕೆಯ ರೀತಿಯೂ ಬೇರೆ. ಹಾಡುಗಳನ್ನು ತೆಗೆದುಕೊಳ್ಳಬಹುದು, ಜೋಡಣೆಯನ್ನು ಹಾಗೆಯೇ ಎತ್ತಿ ತರಲಾಗದು.

ಅಭ್ಯಾಸಕ್ಕೆ ಹಬ್ಬದ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳು ನಿಮಗೆ ಸಿದ್ಧವಾಗಿಯೇ ಇವೆ. ಭಾನುವಾರಕ್ಕೊಂದರಂತೆ ಹೊಸ ಭಜನೆಯ ಪಲ್ಲವನ್ನು ಆರಾಧನೆ ಮುಗಿದ ಮೇಲೆ ಇಡೀ ಸಭೆಗೆ ಬಾಯಿಂದ ಬಾಯಿಗೆ ಹೇಳಿಕೊಡಿ, ಹಾಳೆ ಹಂಚಬೇಡಿ. ಕೈಯಲ್ಲಿ ಹಾಳೆ ಬಂದರೆ ಕಣ್ಣು ಕೆಳಗೆ ಹೋಗುತ್ತದೆ, ದನಿಯೂ ಹಿಂದೆಯೇ ಇಳಿಯುತ್ತದೆ. ಡಿಸೆಂಬರ್ ತಿಂಗಳಲ್ಲಿ ತೊಗರಿ ಕೊಯ್ಲು, ರಾಶಿ ಇರುವುದರಿಂದ ವಾರದ ದಿನ ರಾತ್ರಿ ಅಭ್ಯಾಸಕ್ಕೆ ಜನ ಬರುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ.

ಸಮಯದ ಬಗ್ಗೆ ಎರಡು ಮಾತು. ಸಂಸ್ಕಾರ ನಡೆಸಲು ದೀಕ್ಷೆ ಹೊಂದಿದ ಸಭಾಪಾಲಕರೇ ಬೇಕು, ಅವರಿಗೆ ಅದೇ ದಿನ ಮೂರು ನಾಲ್ಕು ಹಳ್ಳಿಗಳಿರಬಹುದು. ನಿಮ್ಮ ಮೆರವಣಿಗೆ, ಜೋಗುಳ, ಭಜನೆ ಎಲ್ಲ ಸೇರಿ ಆರಾಧನೆ ಎರಡು ಗಂಟೆಗೆ ಸಮೀಪ ಬರುತ್ತದೆ. ಅವರಿಗೆ ಅಷ್ಟು ಬಿಡುವಿಲ್ಲದಿದ್ದರೆ ಮೆರವಣಿಗೆಯನ್ನು ಅವರು ಬರುವ ಮುಂಚೆಯೇ ಮುಗಿಸಿಕೊಳ್ಳಿ, ಹಂಚಿಕೆಯನ್ನು ಮಾತ್ರ ಅವಸರಪಡಿಸಬೇಡಿ. ಕ್ರಿಸ್‌ಮಸ್ ಕಾಲ ಜನವರಿ 6ರ ಪ್ರಕಟನೆಯ ಹಬ್ಬದವರೆಗೆ ಇರುವುದರಿಂದ, 25ರಂದು ಸರಳ ಆರಾಧನೆ ಮಾಡಿ ಅದರ ಮುಂದಿನ ಭಾನುವಾರ ನಿಧಾನವಾಗಿ ಸಂಸ್ಕಾರ ನಡೆಸಿದರೂ ಕ್ರಮಕ್ಕೆ ಭಂಗವಿಲ್ಲ. ಬೆಳಗಿನ ಬದಲು 24ರ ನಡುರಾತ್ರಿಗೆ ಇಟ್ಟುಕೊಳ್ಳುವುದಾದರೆ, 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ಕೆಲವು ದಿನ 12ರವರೆಗೆ ಸಡಿಲಿಕೆ ಕೊಡಬಹುದಾದ್ದರಿಂದ ಆ ವರ್ಷದ ಆದೇಶವನ್ನು ಠಾಣೆಯಲ್ಲಿ ಕೇಳಿ ಲಿಖಿತ ಅನುಮತಿ ಪಡೆಯಿರಿ. ಹಲಗಿಯ ಮೆರವಣಿಗೆಯನ್ನಂತೂ ಆ ಹೊತ್ತಿನಲ್ಲಿ ಯೋಚಿಸಲೇಬೇಡಿ, ಅದಕ್ಕೆ ಬೆಳಗಿನ ಬಿಸಿಲೇ ಸರಿ.

ಹಿರಿಯರ ಮನೆಗಳಿಗೆ ಹೋಗಿ ಬಂದ ನಂತರ ಹಾಡುಗಳ ಪಟ್ಟಿಯನ್ನು ನವೆಂಬರ್ ಮುಗಿಯುವುದರೊಳಗೆ ಸಭಾಪಾಲಕರ ಕೈಗೆ ಕೊಡಿ, ಪ್ರತಿ ಹಾಡಿನ ಎದುರು ಅದನ್ನು ಎತ್ತಿಕೊಳ್ಳುವವರ ಹೆಸರನ್ನೂ, ಸಭಾಪಾಲಕರ ಯಾವ ಮಾತಿನ ನಂತರ ಎತ್ತಿಕೊಳ್ಳಬೇಕೆಂಬುದನ್ನೂ ಬರೆದಿರಲಿ.